ಮೂವರು ಬ್ರೋಕರುಗಳು, ಒಂದು ಅಂಕಪಟ್ಟಿ

“ತಾತ, ಮನೆ ನಮ್ದು, ಮಾರೋದು ನಾವು. ಮಧ್ಯದಲ್ಲಿ ಬ್ರೋಕರ್ ಅಂಕಲ್ ಯಾಕೆ?”

ಐದನೇ ತರಗತಿಯ ನನ್ನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಕೇಳಿದ ಪ್ರಶ್ನೆ ಇದು. ಮೈಸೂರಿನ ನಮ್ಮ ಮನೆಯನ್ನು 1986ರಲ್ಲಿ ಬ್ಯಾಂಕಿನ ಸಾಲ ಪಡೆದು ಕಟ್ಟಿಸಿದ್ದೆ. ಈಗ ನಮ್ಮ ಮನೆಯಾಕೆಯ ಮಂಡಿ ಮಹಡಿ ಮೆಟ್ಟಿಲಿಗೆ ಒಪ್ಪುವುದಿಲ್ಲ. ಮಗ ಇರುವುದು ಬೆಂಗಳೂರಿನಲ್ಲಿ. ತಿಂಗಳುಗಟ್ಟಲೆ ಯೋಚಿಸಿ, ಮಾರುವುದೆಂದು ತೀರ್ಮಾನಿಸಿದೆವು.

“ಕೊಳ್ಳುವವರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಓಡಾಡಬೇಕು. ನನ್ನ ಕಾಲಿಗೆ ಅಷ್ಟು ಶಕ್ತಿ ಇಲ್ಲ ಮಗೂ. ಅದಕ್ಕೇ ಬ್ರೋಕರು. ನೂರಕ್ಕೆ ಒಂದೋ ಎರಡೋ ರೂಪಾಯಿ ಕಮಿಷನ್ ಕೊಡಬೇಕು” ಎಂದೆ.

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “80 ಲಕ್ಷಕ್ಕೆ ನೂರಕ್ಕೆ ಒಂದು ಅಂದ್ರೂ 80 ಸಾವಿರ! ಹಾಗಾದ್ರೆ ಪರೀಕ್ಷೆ ಮಾಡಿಯೇ ತಗೋಬೇಕು” ಎಂದು ನೋಟ್‌ಪುಸ್ತಕದಲ್ಲಿ ಮೂರು ಗೆರೆ ಎಳೆದು ಅಂಕಪಟ್ಟಿ ಮಾಡಿಯೇಬಿಟ್ಟಳು.

ಮೊದಲನೆಯವರು ಹಾಲ್‌ನಲ್ಲಿ ನಿಂತೇ “95 ಲಕ್ಷ ಕೊಡಿಸ್ತೀನಿ ಸಾರ್” ಎಂದರು. ನನ್ನ ಎದೆ ಉಬ್ಬಿತು. ಆದರೆ ನಮ್ಮ ಬೀದಿಯಲ್ಲಿ ಇಂಥದೇ ಮನೆಗಳು ಹೋದದ್ದು 80ರ ಆಸುಪಾಸಿಗೆ. ಹೇಗೆ ಕೊಡಿಸುತ್ತೀರಿ ಎಂದರೆ ಉತ್ತರವಿಲ್ಲ. ಬ್ಯಾಗಿನಿಂದ ಛಾಪಾ ಕಾಗದ ಮಾತ್ರ ಹೊರಬಂತು. ಆರು ತಿಂಗಳು ಬೇರೆ ಯಾರಿಗೂ ಮನೆ ತೋರಿಸಬಾರದು, ಜೊತೆಗೆ ಅವರ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಡಬೇಕು! ಮಕ್ಕಳೇ, ಪವರ್ ಆಫ್ ಅಟಾರ್ನಿ ಎಂದರೆ ನಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ. ಮನೆ ತೋರಿಸಲು ಬರುವವರಿಗೆ ಅದು ಏಕೆ ಬೇಕು? ಬೆಲೆ ಹೇಳಲು ಖರ್ಚೇನೂ ಇಲ್ಲ. ಕೈಕಟ್ಟಿಹಾಕಿದ ಮೇಲೆ ಇಳಿಸುತ್ತಾ ಬರಬಹುದು.

ಎರಡನೆಯವರು ಬಹಳ ಮರ್ಯಾದಸ್ಥರು. ವಾಕಿಂಗ್ ಗೆಳೆಯರು ಕಳಿಸಿದ್ದು. ಕಾಫಿ ಕುಡಿದು, “30 ಲಕ್ಷ ಕ್ಯಾಷ್‌ನಲ್ಲಿ ತಗೊಂಡ್ಬಿಡಿ, ಟ್ಯಾಕ್ಸ್ ಉಳಿಯುತ್ತೆ” ಎಂದು ಪಿಸುಗುಟ್ಟಿದರು. ಜೀವನವಿಡೀ ಕೌಂಟರಿನಲ್ಲಿ ಕುಳಿತವನಿಗೆ ಈ ಮಾತೇ! ಮನೆ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ಒಪ್ಪಿಗೆಯಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಕಟ್ಟುವವನು ನಾನು, ಬ್ರೋಕರ್ ಅಲ್ಲ.

ಮೂರನೆಯವರು ಹಳೆಯ ಸ್ಕೂಟರಿನಲ್ಲಿ ಬಂದರು. ಮನೆಯನ್ನು ಹೊಗಳಲಿಲ್ಲ, ಬೆಲೆಯನ್ನೂ ಹೇಳಲಿಲ್ಲ. “ಮೊದಲು ಪತ್ರಗಳ ಫೈಲ್ ಕೊಡಿ ಸರ್” ಎಂದರು. ಕ್ರಯಪತ್ರ, ಖಾತಾ, ಕಂದಾಯ ರಸೀದಿ ಒಂದೊಂದಾಗಿ ನೋಡಿ, “ಹೊಸದಾಗಿ ಇ.ಸಿ. ತೆಗೆಸಿ” ಎಂದರು. ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ. ನಿಮಗೆ ಶಾಲೆಯ ಪ್ರೋಗ್ರೆಸ್ ಕಾರ್ಡ್ ಇದ್ದ ಹಾಗೆ ಆಸ್ತಿಗೆ ಇದು. ಯಾರು ಕೊಂಡರು, ಯಾರು ಮಾರಿದರು, ಯಾರಿಗೆ ಅಡವಿಟ್ಟರು ಎಂದು ನೋಂದಣಿಯಾದದ್ದೆಲ್ಲ ಇದರಲ್ಲಿ ಕಾಣುತ್ತದೆ. ನನಗೆ ಸ್ವಲ್ಪ ಸಿಟ್ಟೇ ಬಂತು. ಬ್ಯಾಂಕಿನವನಿಗೆ ಪತ್ರದ ಪಾಠವೇ?

ವಾರದ ಮೇಲೆ ಇ.ಸಿ. ಬಂತು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. “ಸರ್, 1986ರ ಅಡಮಾನ ಹಾಗೇ ಇದೆ.”

ನನ್ನ ಮುಖದಲ್ಲಿ ರಕ್ತ ಇಳಿದುಹೋಯಿತು. ಸಾಲದ ಕೊನೆಯ ಕಂತು ಕಟ್ಟಿದ್ದು 2006ರಲ್ಲಿ. ಪತ್ರಗಳನ್ನು ವಾಪಸ್ ಪಡೆದು ಬೀರುವಿನಲ್ಲಿಟ್ಟು ಮರೆತಿದ್ದೆ. ಅಡಮಾನ ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಯೇ ಇರಲಿಲ್ಲ! “ಬಿಡುಗಡೆ ಮಾಡಿಸಿಕೊಳ್ಳಿ” ಎಂದು ಎಷ್ಟೋ ಗ್ರಾಹಕರಿಗೆ ಹೇಳಿ ಕಳಿಸಿದವನು ನಾನೇ.

ಮುಂಗಡ ಪಡೆದ ಮೇಲೆ ಕೊಳ್ಳುವವರ ವಕೀಲರು ಇದನ್ನು ಕಂಡಿದ್ದರೆ? ವ್ಯಾಪಾರವೂ ಹೋಗಿ, ನಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ಬ್ಯಾಂಕಿಗೆ ಅಲೆದು ಬಿಡುಗಡೆ ಪತ್ರ ನೋಂದಾಯಿಸಲು ಐದು ವಾರ ಹಿಡಿಯಿತು. ಆಮೇಲೆಯೇ ಅವರು ಬೆಲೆ ಹೇಳಿದ್ದು: 78 ಲಕ್ಷ. ಹತ್ತಿರದ ಮೂರು ಮಾರಾಟಗಳನ್ನೂ ಹೇಳಿ, “ನೀವೇ ವಿಚಾರಿಸಿ” ಎಂದರು. ಕಮಿಷನ್ ಎಷ್ಟು, ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದೆವು: ನೂರಕ್ಕೆ ಒಂದು, ಅದೂ ನೋಂದಣಿಯ ದಿನವೇ ಹೊರತು ಮುಂಚೆ ಅಲ್ಲ. ಮನೆ 79 ಲಕ್ಷಕ್ಕೆ ಹೋಯಿತು, ಹಣವೆಲ್ಲ ಬ್ಯಾಂಕಿನ ಮೂಲಕವೇ ಬಂತು.

ಹಿರಿಯರಿಗೆ ನನ್ನದೊಂದು ಮಾತು. ಹೆಚ್ಚು ಬೆಲೆ ಹೇಳುವವರನ್ನಲ್ಲ, ಕಹಿಯಾದರೂ ಇರುವುದನ್ನು ಇದ್ದಂತೆ ಹೇಳುವವರನ್ನು ಆರಿಸಿಕೊಳ್ಳಿ. ಹೊಸ ಅಪಾರ್ಟ್‌ಮೆಂಟ್ ಕೊಳ್ಳುವುದಾದರೆ, ಏಜೆಂಟರಿಗೆ 2016ರ ರೇರಾ ಕಾಯ್ದೆಯ ನೋಂದಣಿ ಇದೆಯೇ ಎಂದು ಕೇಳಿ. ಮಾರುವ ಯೋಚನೆ ಇಲ್ಲದಿದ್ದರೂ ಒಮ್ಮೆ ಇ.ಸಿ. ತೆಗೆಸಿ ನೋಡಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ ಅಜ್ಜಿಯ ಪಕ್ಕ ಕುಳಿತು ಮನೆಯ ಪತ್ರಗಳ ಫೈಲ್ ಬಿಚ್ಚಿಸಿ. ಯಾವ ಪತ್ರ ಏನು ಹೇಳುತ್ತದೆ ಎಂದು ಕೇಳಿ. ಮನೆಯ ಕಥೆಯೂ ತಾನಾಗಿ ಹೊರಬರುತ್ತದೆ.

ಅಂದಹಾಗೆ, ಅಂಕಪಟ್ಟಿಯಲ್ಲಿ ಮೂರನೆಯವರಿಗೆ ಹತ್ತಕ್ಕೆ ಒಂಬತ್ತು ಬಂತು. ಅಜ್ಜಿಯ ಕಾಫಿ ಬೇಡವೆಂದದ್ದಕ್ಕೆ ಒಂದು ಅಂಕ ಕಡಿತ. ಕೆಳಗೆ ಇನ್ನೊಂದು ಹೆಸರು ಸೇರಿಸಿದ್ದಳು: “ತಾತ – ನಾಲ್ಕು.”