15 ದಿನದ ಮಾತ್ರೆ ಸಾಕೇ?

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋದವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬ್ಲಾಕ್ ಇತ್ತು, ಎಷ್ಟು ಖರ್ಚಾಯಿತು. ಶುಗರ್ ಈಗ ಹೇಗಿದೆ ಎಂದು ವಿಚಾರಿಸುವವರು ಅಪರೂಪ. ಖರ್ಚಿನ ಪ್ರಶ್ನೆಗೆ ಸರ್ಕಾರ 2017ರ ಫೆಬ್ರುವರಿಯಲ್ಲಿ ಕಿವಿಗೊಟ್ಟು, ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಹಾಕಿತು. ಒಳ್ಳೆಯ ಕೆಲಸವೇ. ಶುಗರ್ ಪ್ರಶ್ನೆಯನ್ನು ಯಾರೂ ಕೇಳದ್ದರಿಂದ ಉತ್ತರವೂ ಬಂದಿಲ್ಲ.

ಸ್ಟೆಂಟ್ ಹಾಕುವುದೆಂದರೆ ನಾಳಕ್ಕೆ ಗಾಯ ಮಾಡುವುದೂ ಹೌದು. ಸುಮಾರು 3 ಮಿ.ಮೀ. ಅಗಲದ ನಾಳದೊಳಗೆ ಬಲೂನು ಉಬ್ಬಿದಾಗ ಜಿಡ್ಡಿನ ಗಂಟು ಬಿರಿಯುತ್ತದೆ, ಒಳಪೊರೆ ಹರಿಯುತ್ತದೆ, ಲೋಹದ ಬಲೆ ಗೋಡೆಗೊತ್ತಿ ಕೂರುತ್ತದೆ. ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಎಂಡೋಥೀಲಿಯಂ ಎಂಬ ಒಂದೇ ಕೋಶದ ದಪ್ಪದ ಪೊರೆ ಮತ್ತೆ ಬೆಳೆದು ಬಲೆಯನ್ನು ಮುಚ್ಚಬೇಕು. ಸ್ಟೆಂಟಿಗೆ ಸವರಿದ ಔಷಧ ಕಲೆಗಟ್ಟುವುದನ್ನು ತಡೆಯುತ್ತದೆ, ಜೊತೆಗೆ ಈ ಹೊದಿಕೆಯನ್ನೂ ತಡಮಾಡುತ್ತದೆ. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ಅಥವಾ ಅದೇ ಜಾತಿಯ ಇನ್ನೊಂದು ಮಾತ್ರೆ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ 12 ತಿಂಗಳು.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಮಾಯುವಿಕೆಯೇ ಅಡ್ಡದಾರಿ ಹಿಡಿಯುತ್ತದೆ. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಮೂಳೆಮಜ್ಜೆಯಿಂದ ರಿಪೇರಿಗೆ ಬರಬೇಕಾದ ಕೋಶಗಳು ಸೊರಗುತ್ತವೆ, ಪ್ಲೇಟ್‌ಲೆಟ್‌ಗಳಿಗೆ ಅಂಟು ಜಾಸ್ತಿ. ಬೆಳೆಯಬಾರದ ಸ್ನಾಯುಕೋಶಗಳು ಮಾತ್ರ ಹುಲುಸಾಗಿ ಎದ್ದು ನಾಳವನ್ನು ಮತ್ತೆ ಇಕ್ಕಟ್ಟು ಮಾಡುತ್ತವೆ. ಪೈರಿಗೆ ಹಾಕಿದ ಗೊಬ್ಬರ ಕಳೆಗೆ ಸೇರಿದ ಹಾಗೆ. ಮಧುಮೇಹಿಗಳಿಗೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ದರೆ ಸ್ಟೆಂಟಿಗಿಂತ ಬೈಪಾಸೇ ಲೇಸೆಂದು 2012ರ 'ಫ್ರೀಡಂ' ಅಧ್ಯಯನ ತೋರಿಸಿತ್ತು. ಆ ಮಾತು ಆಪರೇಷನ್ನಿಗೆ ಹೆದರುವ ಮನೆಯವರ ಕಿವಿಗೆ ಎಷ್ಟು ಮುಟ್ಟುತ್ತದೋ.

ಕೊಲೆಸ್ಟ್ರಾಲಿನ ಆಟ ಇನ್ನೂ ನಿಧಾನದ್ದು. ಹೊಸದಾಗಿ ಬೆಳೆದ ಪೊರೆ ಬಿಗಿಯಾಗಿರುವುದಿಲ್ಲ. ಸೋರುವ ಆ ಪೊರೆಯೊಳಗೆ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಇಳಿದು, ಕೆಲವು ವರ್ಷಗಳಲ್ಲಿ ಸ್ಟೆಂಟಿನ ಒಳಗೇ ಹೊಸ ಜಿಡ್ಡು ಕಟ್ಟುತ್ತದೆ. 'ಬ್ಲಾಕ್ ತೆಗೆದಾಯಿತಲ್ಲ' ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. ಅಸಲಿಗೆ ಅದನ್ನು ತೆಗೆದದ್ದೂ ಅಲ್ಲ, ಗೋಡೆಗೆ ಒತ್ತಿದ್ದು. ಇನ್ನೊಂದು ಮೋಸ ಲ್ಯಾಬಿನ ಚೀಟಿಯಲ್ಲಿದೆ. ಎಲ್‌ಡಿಎಲ್ 100ರ ಕೆಳಗಿದ್ದರೆ ಚೀಟಿ 'ನಾರ್ಮಲ್' ಎನ್ನುತ್ತದೆ. ಅದು ಸ್ಟೆಂಟ್ ಇಲ್ಲದವರ ಲೆಕ್ಕ. ಸ್ಟೆಂಟ್ ಇದ್ದವರಿಗೆ 70ರ ಒಳಗಿರಬೇಕು. ಯುರೋಪಿನ ಹೃದ್ರೋಗ ತಜ್ಞರ ಸಂಘವಂತೂ 2019ರಲ್ಲಿ 55ಕ್ಕೆ ಇಳಿಸಿತು. ಚೀಟಿ ನೋಡಿ ಖುಷಿಯಾಗಿ, 'ಈ ಮಾತ್ರೆ ಉಷ್ಣ' ಎಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬಿಟ್ಟವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಅವರನ್ನು ಬೈದು ಪ್ರಯೋಜನವಿಲ್ಲ. ಆಯುಷ್ಮಾನ್ ಭಾರತ್ ಪ್ಯಾಕೇಜು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿಯವರೆಗೆ ಮಾತ್ರ ಜೊತೆಗಿರುತ್ತದೆ. ನಾಳ ಮಾಯಲು ತಿಂಗಳುಗಳು ಬೇಕು. ಸ್ಟೆಂಟಿನ ಬಿಲ್ಲು ಕಟ್ಟುವ ಸರ್ಕಾರ 16ನೇ ದಿನ ಆ ರೋಗಿ ಯಾವ ಮೆಡಿಕಲ್ ಶಾಪಿನ ಮುಂದೆ ನಿಂತು ಯಾವ ಮಾತ್ರೆ ಕೈಬಿಡುತ್ತಾನೆಂದು ಕೇಳುವುದಿಲ್ಲ.

ನಮ್ಮದೊಂದು ಸಲಹೆ. ಪ್ಯಾಕೇಜಿನ ಹಣದಲ್ಲಿ ಒಂದು ಪಾಲನ್ನು ತಡೆಹಿಡಿದು, ಮೂರನೇ ತಿಂಗಳಿನ ಎಲ್‌ಡಿಎಲ್ ಮತ್ತು ಎಚ್‌ಬಿಎ1ಸಿ (ಸಕ್ಕರೆ ಹತೋಟಿಯ ಪರೀಕ್ಷೆ) ವರದಿ ದಾಖಲಾದ ಮೇಲಷ್ಟೇ ಆಸ್ಪತ್ರೆಗೆ ಕೊಡಿ. ಅಲ್ಲಿಯವರೆಗಿನ ಮಾತ್ರೆಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ, ಅದೇ ಕಾರ್ಡಿನ ಮೇಲೆ ಸಿಗಲಿ.