ಗುಜರಿ ಸೀಟಿಗೇ ನನ್ನ ಓಟು, ಆದ್ರೆ...

ರಜೆಗೆ ಊರಿಗೆ ಹೋದಾಗ ನೋಡಿದೆ, ಮಾವನ ಹಳೇ ಮಾರುತಿ 800ರ ಡ್ರೈವರ್ ಸೀಟು ಕುಸಿದು ಹೋಗಿತ್ತು. ಬಲಗಡೆ ಅಂಚಿನ ಫೋಮ್ ಪುಡಿಪುಡಿ. ಅಷ್ಟು ವರ್ಷ ಅದೇ ಅಂಚಿನ ಮೇಲೆ ಜಾರಿ ಒಳಗೆ ಕೂತರೆ ಇನ್ನೇನಾಗುತ್ತೆ? "ಮೇಲೊಂದು ಕವರ್ ಹಾಕ್ಸಿದ್ರಾಯ್ತು ಬಿಡೋ" ಅಂದ್ರು ಮಾವ. ಕವರ್ ಹಾಕಿದ್ರೆ ಗುಂಡಿ ಕಾಣಲ್ಲ ಅಷ್ಟೇ, ಸೊಂಟಕ್ಕೆ ಗೊತ್ತಾಗದೇ ಇರುತ್ತಾ?

ಗುಜರಿಗೆ ಹೋದ್ವಿ. ಮಜಾ ಏನಂದ್ರೆ, ಅಲ್ಲಿದ್ದ ಡ್ರೈವರ್ ಸೀಟುಗಳೂ ಅದೇ ಜಾಗದಲ್ಲೇ ಸವೆದಿದ್ವು! ಹಾಗಾಗಿ ಎಡಗಡೆ ಸೀಟು ಹುಡುಕಿ, ಟೇಪ್ ಹಿಡಿದು ಅಳೆದು, ಕೆಳಗಿನ ಫೋಮ್ ನಮ್ಮ ಫ್ರೇಮಿಗೆ ಕೂರುತ್ತೆ ಅಂತ ಖಾತ್ರಿಯಾದ ಮೇಲೆ ದುಡ್ಡು ಕೊಟ್ವಿ. ಬಟ್ಟೆಯನ್ನು ಹಿಡಿದಿಡುವ ಸಣ್ಣ ತಂತಿ ರಿಂಗುಗಳನ್ನು ಕತ್ತರಿಸಿ, ಹೊಸದು ಹಾಕುವಷ್ಟರಲ್ಲಿ ಬೆರಳೆಲ್ಲ ಗಾಯ. ನಡುವಿನಿಂದ ಶುರು ಮಾಡಿ ಹೊರಗಡೆಗೆ ಎಳೀಬೇಕು, ಇಲ್ಲಾಂದ್ರೆ ಸುಕ್ಕು. ಇದನ್ನ ಹೇಳಿಕೊಟ್ಟಿದ್ದು ಕುಶನ್ ಅಂಗಡಿಯವರು, ನಮ್ಮ ಲ್ಯಾಬ್ ಮ್ಯಾನ್ಯುಯಲ್ ಅಲ್ಲ.

ಹಾಗಾಗಿ ಫೋಮ್, ಬಟ್ಟೆ, ಪ್ಲಾಸ್ಟಿಕ್ಕು ಗುಜರಿಯಿಂದ ಧಾರಾಳವಾಗಿ ತನ್ನಿ. ನನ್ನ ತಕರಾರು ಇರೋದು ಅದಕ್ಕಿಂತ ಮುಂದೆ ಹೋಗೋರ ಮೇಲೆ. ಗುಜರಿಗೆ ಬರೋ ಎಷ್ಟೋ ಗಾಡಿಗಳು ಆಕ್ಸಿಡೆಂಟ್ ಆದವು. ಆ ಹೊಡೆತ ತಿಂದ ಹಳಿ, ಬೆಲ್ಟ್ ಬಕಲ್, ಒರಗು ಲಿವರ್ ನೋಡೋಕೆ ನೆಟ್ಟಗೇ ಇರಬಹುದು. ಮೆಟೀರಿಯಲ್ ಸೈನ್ಸ್ ಪಾಸಾದವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಹೊಸ ಕಾರುಗಳ ಕಥೆ ಇನ್ನೂ ಸೂಕ್ಷ್ಮ. ಎಷ್ಟೋ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಇರೋದು ಸೀಟಿನ ಬೆನ್ನಿನ ಪಕ್ಕದಲ್ಲೇ. ಅಲ್ಲಿನ ಹೊಲಿಗೆ ಹರಿಯಲೆಂದೇ ಹಾಕಿದ್ದು. ಗಟ್ಟಿ ದಾರದಲ್ಲಿ ಹೊಲಿದರೆ, ಮೇಲೆ ದಪ್ಪ ಕವರ್ ಎಳೆದರೆ, ಬ್ಯಾಗ್ ತೆರೆಯೋದು ತಡವಾಗಬಹುದು, ಇಲ್ಲವೇ ಬೇರೆ ದಿಕ್ಕಿಗೆ ಹೋಗಬಹುದು. 2019ರ ಜುಲೈನಿಂದ ಡ್ರೈವರ್ ಪಕ್ಕದ ಸೀಟಿಗೂ ಬೆಲ್ಟ್ ರಿಮೈಂಡರ್ ಕಡ್ಡಾಯ. ಹಾಗಾಗಿ ಆ ಸೀಟಿನಡಿ ಸೆನ್ಸರ್ ಇರುತ್ತೆ, ವೈರ್ ನೋಡದೆ ಎಳೀಬೇಡಿ. ಮತ್ತೆ ಗುರು, ಕೈಯಲ್ಲಿ ಮಲ್ಟಿಮೀಟರ್ ಇದೆ ಅಂತ ಹಳದಿ ಕನೆಕ್ಟರ್‌ಗೆ ಚುಚ್ಚಬೇಡ. ಅದು ಏರ್‌ಬ್ಯಾಗಿನದು, ಮೀಟರಿನ ಸಣ್ಣ ಕರೆಂಟಿಗೂ ಸಿಡಿಯಬಹುದು.

ಮಾವನ ಸೀಟಿನ ಒರಗು ಲಿವರಿನ ಹಲ್ಲೂ ಸವೆದಿತ್ತು. ಗುಜರಿಯವರು ತಮ್ಮದನ್ನ ಫ್ರೀ ಕೊಡ್ತೀವಿ ಅಂದ್ರು. ಆ ಗಾಡಿಯ ಮುಂಭಾಗ ನಜ್ಜುಗುಜ್ಜಾಗಿದ್ದನ್ನ ನೋಡಿದ್ದೆ, ಬೇಡ ಅಂದೆ. ಹೊಸದಕ್ಕೆ ಹೇಳಿಟ್ಟು ವಾರವಾಯ್ತು, ಕಾರು ಶೆಡ್ಡಲ್ಲೇ ಇದೆ. "ಫ್ರೀ ಕೊಟ್ಟಿದ್ದನ್ನ ಬಿಟ್ಟು ಬಂದ ಇಂಜಿನಿಯರ್" ಅಂತ ಮಾವ ಬಸ್‌ಸ್ಟಾಪಲ್ಲಿ ನಿಂತು ಎಲ್ಲರಿಗೂ ಹೇಳ್ತಿದಾರಂತೆ.