ಮಾರಾಟಕ್ಕಿಲ್ಲದ ಬೆಟ್ಟ

ಅಮೆರಿಕದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಲಕೋಟಾ ಸೂ ಜನರಿಗೆ ಪವಿತ್ರ ನೆಲ. 1868ರ ಒಪ್ಪಂದದಲ್ಲಿ ಅದನ್ನು ಅವರಿಗೇ ಬರೆದುಕೊಟ್ಟ ಸರ್ಕಾರ, ಚಿನ್ನ ಸಿಕ್ಕ ಮೇಲೆ 1877ರಲ್ಲಿ ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ 10 ಕೋಟಿ ಡಾಲರ್‌ಗೂ ಮಿಕ್ಕಿದ ಪರಿಹಾರವನ್ನು ಎತ್ತಿಹಿಡಿಯಿತು. ಬೆಟ್ಟ ಮಾರಾಟಕ್ಕಿಲ್ಲ ಎಂದು ಕಡುಬಡತನದಲ್ಲೂ ಸೂ ಜನ ಆ ಹಣ ಮುಟ್ಟಿಲ್ಲ. ಬಡ್ಡಿ ಸೇರಿ ಅದೀಗ 100 ಕೋಟಿ ದಾಟಿದೆ.

ಸರ್ಕಾರ ಅವರ ಪೂಜೆಯನ್ನೂ ಬಿಡಲಿಲ್ಲ. 1883ರ ನಿಯಮ ಅವರ ಪವಿತ್ರ ವಿಧಿಯಾದ ಸೂರ್ಯನೃತ್ಯವನ್ನೇ ಅಪರಾಧವೆಂದಿತು.

ಬಾಗಿಸಿದ ಕೋಲುಗಳ ಗುಡಿಸಲು, ಒಳಗೆ ಕಗ್ಗತ್ತಲು, ಕಾದ ಕಲ್ಲಿಗೆ ನೀರು ಸುರಿದಾಗ ಭುಸ್ಸೆಂದೇಳುವ ಹಬೆ, ಪ್ರಾರ್ಥನೆ: ಇದು ಲಕೋಟಾ ಜನರ ಇನ್ನೊಂದು ವಿಧಿ ‘ಇನಿಪಿ’. ಹೊರಗಿನವರು ಈಗ ಇದನ್ನೂ ಶುಲ್ಕ ಕಟ್ಟಿಸಿಕೊಂಡು ಮಾರುತ್ತಿದ್ದಾರೆ. ಹಿಂದೆ ನಿಷೇಧ, ಇಂದು ವ್ಯಾಪಾರ, ಎರಡೂ ಅಪಚಾರವೇ.

ಬೆಟ್ಟಸಾಲಿನ ಬಹುಭಾಗ ಇಂದಿಗೂ ಸರ್ಕಾರಿ ಅರಣ್ಯ. ಅದನ್ನಾದರೂ ಅಮೆರಿಕ ಸೂ ಜನರಿಗೆ ಮರಳಿಸಬೇಕು.